ಅಳುಮೋರೆ ಬೇಕಾಗಿದೆ

ಪಟ್ಟಿ ಎತ್ತಲು ಹೊರಡುವವನಿಗೆ ಮೊದಲು ಬೇಕಾದದ್ದು ರಸೀದಿ ಪುಸ್ತಕವಲ್ಲ, ಒಂದು ಅಳುಮೋರೆ. ಅದರ ಫೋಟೋ ಹಾಕಿ ಕೆಳಗೆ ನಾಲ್ಕು ಸಾಲು ಬರೆದರೆ ನೋಡಿದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯ ತೊಡಕೆಂದರೆ, ಯಾರ ಹೆಸರಿನಲ್ಲಿ ಪಟ್ಟಿ ಎತ್ತಬೇಕೆಂದು ನಾನು ಹೊರಟೆನೋ ಆ ಹುಡುಗ ಅಳುವುದಿಲ್ಲ. ಅವನೊಬ್ಬನನ್ನು ಬಿಟ್ಟು ಮನೆಯ ಉಳಿದವರೆಲ್ಲ ಅಳುತ್ತಾರೆ, ಅದೂ ಹೆಚ್ಚಾಗಿ ನನ್ನ ದೆಸೆಯಿಂದ.

ಹುಡುಗ ನಮ್ಮ ಅಣ್ಣನ ಮಗ. ಈಗ ಇಪ್ಪತ್ತಮೂರು ವಯಸ್ಸು. ಹುಟ್ಟಿನಿಂದ ಡೌನ್ ಸಿಂಡ್ರೋಮ್. ನಮ್ಮ ನಿಮ್ಮ ಜೀವಕೋಶದಲ್ಲಿ 21ನೇ ವರ್ಣತಂತು ಎರಡಿದ್ದರೆ ಅವನದರಲ್ಲಿ ಮೂರು. ಕಲಿಯುವುದು ನಿಧಾನ, ಮಾತು ಸ್ವಲ್ಪ ದಪ್ಪ. ಈ ವರ್ಣತಂತಿನ ಲೆಕ್ಕವನ್ನು ನಾನು ಅವ್ವನಿಗೆ ಬಿಡಿಸಿ ಹೇಳಿದಾಗ ಆಕೆ ಅಕ್ಕಿ ಆರಿಸುತ್ತಲೇ, "ಒಂದು ಹೆಚ್ಚೇ ಅದ ಅಲ್ಲೇನಪ, ಕಡಿಮಿ ಏನಿಲ್ಲಲ್ಲ" ಎಂದು ಆ ವಿಷಯ ಮುಗಿಸಿಬಿಟ್ಟಳು.

ನಮ್ಮದು ರಾಜೋಳಿ. ತುಂಗಭದ್ರೆಯ ದಂಡೆ, ಆಚೆ ಕಡೆ ಕರ್ನೂಲು ಸೀಮೆ, ಈಚೆ ಜೋಗುಳಾಂಬ ಗದ್ವಾಲ ಜಿಲ್ಲೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಪೇಟೆಯಲ್ಲಿ ಗದ್ವಾಲ ಸೀರೆ ಎಂದು ಮಾರಾಟವಾಗುವುದರಲ್ಲಿ ನಮ್ಮೂರ ಮಗ್ಗಗಳ ಪಾಲೂ ಇದೆ. ಮೈಯೆಲ್ಲ ಹತ್ತಿ, ಅಂಚು ಸೆರಗು ರೇಷ್ಮೆ. ಅಂಚಿಗೊಂದು ಲಾಳಿ, ಮೈಗೊಂದು ಲಾಳಿ, ಆ ಕಡೆಯ ಅಂಚಿಗೆ ಇನ್ನೊಂದು. ಮೂರರ ಎಳೆಗಳೂ ಸಾಲುಸಾಲಿಗೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು, ಜೋಡಣೆ ಕಾಣಬಾರದು. ಅಣ್ಣ, ಅತ್ತಿಗೆ ಇಬ್ಬರೂ ಕುಣಿಮಗ್ಗದಲ್ಲಿ ಕೂತು ಇದನ್ನು ಮಾತಾಡಿಕೊಳ್ಳುತ್ತ ಮಾಡುತ್ತಾರೆ. ನಾನು ಕುಣಿಗೆ ಇಳಿದರೆ ಎಳೆ ಹರಿಯುತ್ತದೆ. ಎಷ್ಟು ಕಲಿಸಿದರೂ ಹತ್ತದ್ದಕ್ಕೆ ಅಪ್ಪ ಬೇಸತ್ತು, "ಇವಂಗ ಬಾಯಿ ಅದ, ಕೈ ಇಲ್ಲ" ಎಂದು ಸೀರೆಯ ಗಂಟು ಕೊಟ್ಟು ಮಾರಲು ಕಳಿಸಿದ. ಅಂದಿನಿಂದ ನಾನು ಮನೆಯ ಹೊರನಾಡು ಮಂತ್ರಿ. ಹುಡುಗನ ಕೆಲಸ ರಾಟಿಯಲ್ಲಿ ಕಂಡಿಕೆ ಸುತ್ತುವುದು. ಬೆಳಿಗ್ಗೆ ಕೂತರೆ ಊಟದ ಹೊತ್ತಿನ ತನಕ ಏಳುವುದಿಲ್ಲ. ಅವನು ಸುತ್ತಿದ ಕಂಡಿಕೆ ಲಾಳಿಯಲ್ಲಿ ಸಿಕ್ಕುಗಟ್ಟಿದ್ದನ್ನು ಅಣ್ಣ ಕಂಡಿಲ್ಲವಂತೆ. ಇದನ್ನು ಅವನು ನನ್ನ ಎದುರಿಗೇ ಆಗಾಗ ಹೇಳುತ್ತಾನೆ, ಕಾರಣ ನನಗೆ ಗೊತ್ತು.

ಪ್ರಮಾಣಪತ್ರದ ಕಥೆ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕಿರುವ ಡಿಸ್ಲೆಕ್ಸಿಯಾದಂಥದ್ದು ಒಂದು, ನಮ್ಮ ಹುಡುಗನಂಥವರ ಬೌದ್ಧಿಕ ನ್ಯೂನತೆ ಇನ್ನೊಂದು. ನೂರಕ್ಕೆ ನಲವತ್ತು ಮುಟ್ಟಿದರೆ ಸವಲತ್ತಿನ ಸಾಲಿಗೆ ಬರುತ್ತಾರೆ. ಹುಡುಗನಿಗೆ ಮಧ್ಯಮ ಪ್ರಮಾಣ ಎಂದು ವೈದ್ಯರು 75 ಬರೆದುಕೊಟ್ಟರು. ನಾನು ಆ ಕಾಗದ ಹಿಡಿದು ಗಂಭೀರವಾಗಿ ಮನೆಗೆ ಬಂದರೆ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಬಂತು?"

"ಎಪ್ಪತ್ತೈದು."

ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಮ್ಮ ಮನೆತನದಲ್ಲಿ ಅಷ್ಟು ಪರ್ಸೆಂಟು ಅದುವರೆಗೆ ಯಾರೂ ತೆಗೆದಿರಲಿಲ್ಲ. ಹತ್ತನೇ ತರಗತಿಯಲ್ಲಿ ನನ್ನದು 41, ಅದೇ ದಾಖಲೆಯಾಗಿತ್ತು. ಅದು ಹಂಗಲ್ಲ, ಈ ಕಾಗದದಲ್ಲಿ ಹೆಚ್ಚು ಬಂದರೆ ಹೆಚ್ಚು ಕಷ್ಟ ಎಂದರ್ಥ ಎಂದು ನಾನು ತಿಳಿಹೇಳಲು ಹೋದರೆ ನಮ್ಮಾಕಿ ಒಲೆಯ ಮುಂದಿನಿಂದಲೇ, "ನಲವತ್ತು ದಾಟಿದ್ರ ಸಾಕಲ್ರಿ? ನಿಮ್ಮದೂ ದಾಟ್ಯದ, ನೀವೂ ಒಂದು ಅರ್ಜಿ ಒಗೀರಿ" ಎಂದಳು.

ಆ ಕಾಗದದಿಂದ ಅವನಿಗೆ ಆಸರಾ ಪಿಂಚಣಿ ಬಂತು. 2023ರಲ್ಲಿ ಅದು ತಿಂಗಳಿಗೆ 3,016ರಿಂದ 4,016 ರೂಪಾಯಿಗೆ ಏರಿತು. ನಮ್ಮ ಮನೆಯಲ್ಲಿ ತಿಂಗಳ ಲೆಕ್ಕದ ಆದಾಯ ಇರುವುದು ಅವನೊಬ್ಬನಿಗೇ. ನಾಲ್ಕು ಸಾವಿರ ಅತ್ತಿಗೆಯ ಡಬ್ಬಿಗೆ, ಮೇಲಿನ ಹದಿನಾರು ರೂಪಾಯಿ ಅವನ ಸ್ವಂತ ಖರ್ಚಿಗೆ. ಆ ಹದಿನಾರರಲ್ಲಿ ಬಿಸ್ಕತ್ತು ತಂದು ನನಗೂ ಒಂದು ಕೊಡುತ್ತಾನೆ. ನಾನು ಅವನಿಗಾಗಿ ದಾನಿಗಳನ್ನು ಹುಡುಕುತ್ತಿದ್ದ ದಿನಗಳಲ್ಲೂ ನಮ್ಮಿಬ್ಬರ ನಡುವೆ ದಾನಿ ಅವನೇ.

ಪಟ್ಟಿ ಎತ್ತುವ ಯೋಚನೆ ಹುಟ್ಟಿದ್ದು ಅವನಿಗೆ ಹದಿನೆಂಟು ತುಂಬಿದ ಮೇಲೆ. ಅಲ್ಲಿಯ ತನಕ ಭವಿತ ಕೇಂದ್ರ ಇತ್ತು. ವಿಶೇಷ ಮಕ್ಕಳಿಗೆಂದು ತೆಲಂಗಾಣದಲ್ಲಿ ಮಂಡಲದ ಮಟ್ಟದಲ್ಲಿ ಸರ್ಕಾರಿ ಶಾಲೆಯ ಜೊತೆಗೇ ನಡೆಸುವ ಕೇಂದ್ರಗಳವು. ಅಲ್ಲಿನ ಟೀಚರಮ್ಮ ಅವನಿಗೆ ಗುಂಡಿ ಹಾಕಿಕೊಳ್ಳುವುದು, ನೋಟು ಗುರುತಿಸುವುದು, ಮನೆಯ ದಾರಿ ಹೇಳುವುದು ಎಲ್ಲ ಕಲಿಸಿದ್ದರು. ಆದರೆ ಆ ಏರ್ಪಾಡು ಶಾಲೆಯ ವಯಸ್ಸಿನವರಿಗೆ. ಹದಿನೆಂಟಾದ ಮರುದಿನ ಅವನೇನು ದಿಢೀರನೆ ಬದಲಾಗಲಿಲ್ಲ, ಸುತ್ತಲಿನ ಕಾಗದಗಳು ಬದಲಾದವು. ವಯಸ್ಕನಾದ ಮಗನ ಪರವಾಗಿ ಸಹಿ ಹಾಕಲು ತಂದೆಗೂ ಅಧಿಕಾರಪತ್ರ ಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಕಲೆಕ್ಟರ್ ಇರುವ ಜಿಲ್ಲಾ ಸಮಿತಿಗೆ ಅರ್ಜಿ ಹಾಕಿ ಪಾಲಕನೆಂದು ನೇಮಕವಾಗಬೇಕು. ಅಣ್ಣ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದ. "ನನ್ನ ಮಗನಿಗೆ ನಾ ಅಪ್ಪ ಅಂತ ಕಲೆಕ್ಟರ್ ಹೇಳಬೇಕೇನು?"

ಹದಿನೆಂಟು ದಾಟಿದ ಇಂಥವರಿಗೆ ಹಗಲು ಹೊತ್ತು ಕೂತು ಏನಾದರೂ ಕೆಲಸ ಕಲಿಯಲು ಊರಲ್ಲೇ ಒಂದು ಜಾಗ ಬೇಕು, ಹೇಳಿಕೊಡುವವರೊಬ್ಬರು ಬೇಕು, ಅದಕ್ಕೆ ದುಡ್ಡು ಬೇಕು. ಬಾಯಿ ಇರುವವನು ಮನೆಯಲ್ಲಿ ನಾನೊಬ್ಬನೇ. ಆದ್ದರಿಂದ ಈ ಕಾರ್ಯ ನನ್ನ ಪಾಲಿಗೆ ಬಂತು. ಬಂತು ಅಂದರೆ, ನಾನೇ ಎಳೆದುಕೊಂಡೆ.

ಮೊದಲು ಪೋಸ್ಟರು. ಹುಡುಗನನ್ನು ಬೇವಿನ ಮರದ ಕೆಳಗೆ ಕೂಡಿಸಿ ಫೋನು ಎತ್ತಿದೆ. ಫೋನು ಕಂಡರೆ ಅವನಿಗೆ ನಗು. "ನಗಬಾರದು" ಎಂದೆ, ಇನ್ನೂ ನಕ್ಕ. "ಸ್ವಲ್ಪ ಬ್ಯಾಸರ ಮಾಡ್ಕೊ" ಎಂದೆ. ಬೇಸರ ಹೇಗಿರುತ್ತದೆ ಎಂದು ಕೇಳುವವನಂತೆ ನನ್ನ ಮುಖ ನೋಡಿದ. ನಾನು ತುಟಿ ಜೋಲಿಸಿ, ಹುಬ್ಬು ಇಳಿಸಿ, ಕಣ್ಣು ಅರ್ಧ ಮುಚ್ಚಿ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ಕಲ್ಲಿನ ಮೇಲಿಂದ ಜಾರಿದ. ಅತ್ತಿಗೆ ನಕ್ಕರು, ಅಣ್ಣ ಕುಣಿಯಿಂದ ಎದ್ದು ಬಂದು ಮತ್ತೊಮ್ಮೆ ಮಾಡು ಎಂದ.

ಗಲಾಟೆ ಕೇಳಿ ಬಂದ ಅವ್ವ, ಈ ವಿದ್ಯೆಯಲ್ಲಿ ತಾನು ನುರಿತವಳು ಎಂದಳು. ಸುಳ್ಳಲ್ಲ. 2009ರ ಅಕ್ಟೋಬರಿನಲ್ಲಿ ಹೊಳೆ ಊರಿಗೆ ನುಗ್ಗಿ ಮನೆಗಳು ಬಿದ್ದು, ಮಗ್ಗಗಳು ಹಾಳಾಗಿ, ಕುಣಿಗಳಲ್ಲಿ ರೊಜ್ಜು ತುಂಬಿದ ಮೇಲೆ ಎಲ್ಲೆಲ್ಲಿಂದಲೋ ಪುಣ್ಯಾತ್ಮರು ಹಾಸಿಗೆ, ಅಕ್ಕಿ, ಪಾತ್ರೆ ತಂದುಕೊಟ್ಟರು. ಒಬ್ಬೊಬ್ಬರು ಕೊಟ್ಟಾಗಲೂ ಒಂದು ಫೋಟೋ. ನಿಜವಾದ ಅಳು ಮೊದಲ ಎರಡು ದಿನಕ್ಕೇ ಮುಗಿದಿತ್ತು. ಆಮೇಲೆ ಕಂಬಳಿ ಕೈಗೆ ಬರುವ ತನಕ ಮುಖ ಇಳಿಸಿಕೊಂಡು, ಬಂದ ಕೂಡಲೇ ಕೈಮುಗಿಯುವುದನ್ನು ಊರಿನ ಮುದುಕಿಯರೆಲ್ಲ ರೂಢಿ ಮಾಡಿಕೊಂಡರು. "ಇವ ಆಗ ಏಳು ವರ್ಷದಾವ" ಎಂದಳು ಅವ್ವ. "ಹೊಸಾ ಕಂಬಳಿ ನೋಡಿ ಹಲ್ಲು ಕಿರಿಯಾಂವ. ಫೋಟೋ ಕೆಡ್ತದ ಅಂತ ಪ್ರತಿ ಸಲ ಬಾಜೂಕ ಸರಿಸೋರು. ಒಂದರಾಗೂ ಅಂವ ಇಲ್ಲ."

ಅವ್ವನ ತರಬೇತಿಯೂ ಹತ್ತಲಿಲ್ಲ. ಸಂಜೆಗೆ ಫೋನಿನ ತುಂಬ ನಗುವ ಹುಡುಗ, ನಡುವೆ ಅಳುಮೋರೆಯದೊಂದೇ ಚಿತ್ರ. ನಾನು ಮುಖ ಮಾಡಿ ತೋರಿಸುತ್ತಿದ್ದಾಗ ಅವನು ಫೋನು ಕಸಿದು ತೆಗೆದದ್ದು. ನಮ್ಮಾಕಿ ನೋಡಿ, "ಇದೇ ಹಾಕ್ರಿ, ಕಲ್ಲು ಕರಗ್ತಾವ" ಎಂದಳು. ಆಕೆ ಚೇಷ್ಟೆಗೆ ಅಂದದ್ದು. ಆದರೆ ಪೇಟೆಯ ಅಚ್ಚಿನ ಅಂಗಡಿಗೆ ಫೋಟೋಗಳನ್ನೆಲ್ಲ ಒಟ್ಟಿಗೇ ಕಳಿಸಿ "ಸರಿಯಾದದ್ದು ಹಾಕಪಾ" ಎಂದದ್ದು ನಾನು, ಅಂಗಡಿಯವನು ದಂಧೆ ಬಲ್ಲವನು. ಮೂರನೇ ದಿನ ನಮ್ಮ ಓಣಿ, ಬಸ್ ನಿಲ್ದಾಣ, ಹಾಲಿನ ಕೇಂದ್ರಗಳ ಗೋಡೆಯ ಮೇಲೆ ನಾನು ಜೋಲುಮುಖ ಹಾಕಿಕೊಂಡು ಕೂತಿದ್ದೆ. ಕೆಳಗೆ ತೆಲುಗಿನಲ್ಲೂ ಕನ್ನಡದಲ್ಲೂ ದಪ್ಪಕ್ಷರ: ಬುದ್ಧಿಯ ಬೆಳವಣಿಗೆ ನಿಧಾನವಾದ ಇವರಿಗೆ ನೆರವಾಗಿ.

ಅಲ್ಲಿಂದ ಮುಂದೆ ನಾನು ಎಲ್ಲಿ ಹೋದರೂ ಮರ್ಯಾದೆಯೇ ಮರ್ಯಾದೆ. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು. ಕಟಿಂಗ್ ಅಂಗಡಿಯವನು ದುಡ್ಡು ಬೇಡ ಎಂದ. ಕರ್ನೂಲಿನಲ್ಲಿ ವರ್ಷಗಳಿಂದ ನನ್ನ ಸೀರೆ ಕೊಳ್ಳುವ ವ್ಯಾಪಾರಿಯೊಬ್ಬರು ನನ್ನ ಫೋನಿನಲ್ಲಿ ಆ ಪೋಸ್ಟರು ನೋಡಿ ಬಹಳ ಹೊತ್ತು ಸುಮ್ಮನಿದ್ದು, "ನನಗ ಮೊದಲಿಂದ ಸಂಶಯ ಇತ್ತು" ಎಂದು ಐನೂರರ ನೋಟು ಕೊಟ್ಟರು. ಅವರ ಪಕ್ಕದ ಅಂಗಡಿಯ ಸೇಟು ಇನ್ನೂ ದೊಡ್ಡ ಮೊತ್ತ ಕೊಡುವ ಹುರುಪಿನಲ್ಲಿ, "ರಸೀದಿ 80ಜಿ ಅದೇನು?" ಎಂದು ಕೇಳಿದರು. ನಾನು ರಸೀದಿ ಪುಸ್ತಕ ಮುಂದೆ ಮಾಡಿ, "ಮುಟ್ಟಿ ನೋಡ್ರಿ, 80 ಜಿಎಸ್‌ಎಂ, ಒಳ್ಳೇ ದಪ್ಪ ಕಾಗದ" ಎಂದೆ. ಅವರು ಕೇಳಿದ್ದು ಆದಾಯ ತೆರಿಗೆಯ ರಿಯಾಯಿತಿ. ಅದಕ್ಕೆ ನೋಂದಾಯಿತ ಸಂಸ್ಥೆ ಬೇಕು, ಎರಡು ಸಾವಿರ ದಾಟಿದ ನಗದು ಕೊಟ್ಟರೆ ಅದೂ ಇಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ನನ್ನ ಉತ್ತರ ಕೇಳಿ ಸೇಟು ಮತ್ತೊಮ್ಮೆ ಪೋಸ್ಟರು ನೋಡಿದರು, ತಲೆಯಾಡಿಸಿದರು. ವಿವರಣೆ ಬೇಕಾಗಲಿಲ್ಲ.

ಕರುಣೆಯ ದಾರಿ ಹೀಗಾದ ಮೇಲೆ ಬೆರಗಿನ ದಾರಿ ಹಿಡಿದೆ. ದಾನಿಗಳು ಕರಗುವುದು ಎರಡಕ್ಕೇ: ಒಂದು ಕಣ್ಣೀರು, ಇಲ್ಲವೇ ಪವಾಡ. 2007ರಲ್ಲಿ ಬಂದ 'ತಾರೆ ಜಮೀನ್ ಪರ್' ಸಿನಿಮಾದಲ್ಲಿ ಅಕ್ಷರ ಕುಣಿಯುವ ಹುಡುಗ ಕೊನೆಗೆ ಚಿತ್ರ ಬಿಡಿಸುವ ಸ್ಪರ್ಧೆ ಗೆಲ್ಲುತ್ತಾನೆ. ಅದು ಡಿಸ್ಲೆಕ್ಸಿಯಾ, ನಮ್ಮ ಹುಡುಗನದು ಬೇರೆ ಎಂದು ಟೀಚರಮ್ಮ ಹೇಳಿದ್ದರು. ಆದರೂ ಇರಲಿ ಎಂದು ಬಣ್ಣದ ಡಬ್ಬಿ ತಂದೆ. ಅವನು ಮುಚ್ಚಳ ತೆಗೆದು ನೋಡಿದ, ಮುಚ್ಚಿದ, ಕಂಡಿಕೆಯ ಬುಟ್ಟಿಯ ಪಕ್ಕ ನೀಟಾಗಿ ಇಟ್ಟ. ಬಣ್ಣ ಅವನು ಮುಂಜಾನೆಯಿಂದ ನೋಡುತ್ತಲೇ ಇರುತ್ತಾನೆ, ರೇಷ್ಮೆಯಲ್ಲಿ. ತಬಲಾ ಆಯಿತು, ಚದುರಂಗ ಆಯಿತು. ಯಾವ ವರ್ಷದ ಯಾವ ತಾರೀಕು ಕೊಟ್ಟರೂ ವಾರ ಹೇಳುವವರು ಇರುತ್ತಾರೆಂದು ಎಲ್ಲೋ ಓದಿ ಕೇಳಿದೆ. "1947 ಆಗಸ್ಟ್ 15, ಯಾವ ವಾರ?" ಅವನು ಬಹಳ ಯೋಚಿಸಿ, "ಸಂತಿ?" ಎಂದ.

ಅಷ್ಟರಲ್ಲಿ 2025ರ ಜೂನ್‌ನಲ್ಲಿ 'ಸಿತಾರೆ ಜಮೀನ್ ಪರ್' ಬಂತು. ಅದರಲ್ಲಿ ನಮ್ಮ ಹುಡುಗನಂಥವರೇ ತೆರೆಯ ಮೇಲೆ ಬಂದು ಬಾಸ್ಕೆಟ್‌ಬಾಲ್ ಆಡಿ ಕೋಚನಿಗೆ ಬುದ್ಧಿ ಕಲಿಸುತ್ತಾರೆ. ನನಗೆ ದಾರಿ ಸಿಕ್ಕಿತು. ಚೆಂಡು ಕೊಂಡೆ. ಬಾಸ್ಕೆಟ್ಟಿಗೆ ಮನೆಯಲ್ಲಿದ್ದ ಬಾಸ್ಕೆಟ್ಟೇ ಸಾಕೆಂದು ನಮ್ಮಾಕಿಯ ರೊಟ್ಟಿ ಬುಟ್ಟಿ ತೆಗೆದು, ತಳ ಕತ್ತರಿಸಿ, ಬೇವಿನ ಮರಕ್ಕೆ ಕಟ್ಟಿದೆ. ಆಕೆ ತವರಿಂದ ತಂದ ಬುಟ್ಟಿ ಅದೆಂದು ನನಗೆ ಗೊತ್ತಾದದ್ದು ಆಮೇಲೆ, ಬಹಳ ವಿವರವಾಗಿ. ಚೆಂಡು ಕೈಗೆ ಕೊಟ್ಟು, "ಅದರಾಗ ಹಾಕು" ಎಂದೆ. ಹುಡುಗ ಬುಟ್ಟಿ ನೋಡಿದ, ಒಳಗೆ ಹೋಗಿ ಸ್ಟೂಲು ತಂದ, ಹತ್ತಿ ನಿಂತು ಚೆಂಡನ್ನು ಮೆಲ್ಲಗೆ ಒಳಗಿಟ್ಟ. ಅದು ಕೆಳಗೆ ಬಿತ್ತು. ತೂತು ಬಿದ್ದ ಬುಟ್ಟಿ ಕಟ್ಟಿದ ನನ್ನನ್ನು ಮರುಕದಿಂದ ನೋಡಿ, "ಕಾಕಾ, ಹರದದ" ಎಂದ.

ಅಂದು ರಾತ್ರಿ ನಮ್ಮಾಕಿ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟು ಬಡಿಸುತ್ತ ಕೇಳಿದಳು: "ಅವನಲ್ಲಿ ಏನಾರ ಒಂದು ಕಲಾ ಇರಾಕ ಬೇಕಂತ ಯಾರು ಹೇಳ್ಯಾರ ನಿಮಗ? ಇಲ್ಲದಿದ್ರ ಅವಂಗ ಯಾರೂ ಊಟಕ್ಕ ಹಾಕಬಾರದೇನು? ನಿಮಗ ಯಾವ ಕಲಾ ಅದ ಅಂತ ನಮ್ಮಪ್ಪ ನನ್ನ ನಿಮಗ ಕೊಟ್ಟ?"

ಈ ಮೂರರಲ್ಲಿ ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ಪಿಂಚಣಿದಾರ ಮಾತ್ರ ಎರಡನೇ ರೊಟ್ಟಿ ಮುರಿಯುತ್ತಿದ್ದ.

ದುಡ್ಡು ಬಿಡು, ಜನಜಾಗೃತಿಯಾದರೂ ಆಗಲಿ ಎಂದು ಆ ವರ್ಷದ ಮಾರ್ಚಿನಲ್ಲೇ ಒಮ್ಮೆ ಹೊರಳಿ ನೋಡಿದ್ದೆ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. 21ನೇ ವರ್ಣತಂತು ಮೂರು ಎಂದು 21-3. ವಿಶ್ವಸಂಸ್ಥೆ 2012ರಿಂದ ಆಚರಿಸುತ್ತಿದೆ. ಅಂದು ಲೋಕದ ತುಂಬ ಜನ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ತಿರುಗುತ್ತಾರೆ, ಯಾಕೆಂದು ಕೇಳಿದವರಿಗೆ ವಿಷಯ ಹೇಳುತ್ತಾರೆ. ಒಳ್ಳೆಯ ಉಪಾಯವೇ, ಚಳಿ ದೇಶಕ್ಕೆ. ನಮ್ಮ ಕಡೆ ಮಾರ್ಚಿನಲ್ಲಿ ಬಂಡೆ ಸಿಡಿಯುವ ಬಿಸಿಲು, ಚಪ್ಪಲಿಯೇ ಭಾರ. ನಾನು ಒಂದು ಕೆಂಪು ಒಂದು ನೀಲಿ ಚೀಲ ಏರಿಸಿ ಧೋತರ ಮೊಳಕಾಲಿಗೆ ಎತ್ತಿ ಕಟ್ಟಿ ಊರೆಲ್ಲ ಸುತ್ತಿದೆ. ಯಾರೂ ಏನೂ ಕೇಳಲಿಲ್ಲ. ಪೋಸ್ಟರು ಇನ್ನೂ ಗೋಡೆಯ ಮೇಲಿತ್ತು.

ಕೊನೆಯದು ಓಟ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಹತ್ತು ಕಿಲೋಮೀಟರ್ ಓಟದಲ್ಲಿ ಸಾವಿರಾರು ಜನ ಒಳ್ಳೆಯ ಕೆಲಸಗಳಿಗೆ ದುಡ್ಡು ಕೂಡಿಸುತ್ತಾರೆ, ನಮ್ಮ ಭಾವಮೈದುನ ಒಮ್ಮೆ ಓಡಿ ಬಂದು ತಿಂಗಳುಗಟ್ಟಲೆ ಅದನ್ನೇ ಹೇಳಿದ್ದ. ಡಿಸೆಂಬರ್ 3, ಅಂತಾರಾಷ್ಟ್ರೀಯ ಅಂಗವಿಕಲರ ದಿನ, ಬೆಳಗಿನ ಜಾವ ಐದಕ್ಕೆ ಬಾಳೆಹಣ್ಣಿನ ಆಸೆ ಹಚ್ಚಿ ಶಾಲೆಯ ಹುಡುಗರನ್ನು ಕಲೆಹಾಕಿದೆ. ಹೊಳೆಯ ಕಡೆಯಿಂದ ಊರೊಳಗೆ ಓಡುವುದೆಂದು ನಿಶ್ಚಯ. ಇಪ್ಪತ್ತು ಮೂವತ್ತು ಹುಡುಗರು ಕತ್ತಲಲ್ಲಿ ಹೋ ಎಂದು ಕೂಗುತ್ತ ಹೊಳೆ ಬೆನ್ನಿಗಿಟ್ಟು ಓಡಿ ಬಂದರು.

2009ನ್ನು ಕಂಡ ಊರಿನಲ್ಲಿ ಹಾಗೆ ಓಡಬಾರದು. ಮೊದಲ ಮನೆಯ ಮುದುಕಿ ಕದ ತೆಗೆದು ನೋಡಿ, "ಹೊಳಿ ಬಂತ್ರೆಪ್ಪೋ!" ಎಂದು ಕೂಗಿದಳು. ಓಣಿಯೇ ಎದ್ದಿತು. ಟ್ರಂಕು, ಕೋಳಿ, ಗ್ಯಾಸಿನ ಸಿಲಿಂಡರು, ಅರ್ಧ ನೇಯ್ದ ಸೀರೆ, ಸಿಕ್ಕಿದ್ದು ಎತ್ತಿಕೊಂಡು ಜನ ದಿಬ್ಬದ ಕಡೆ ಓಡಿದರು. ಲೆಕ್ಕ ಹಿಡಿದರೆ ಬೆಂಗಳೂರಿನ ಓಟಕ್ಕಿಂತ ನಮ್ಮಲ್ಲೇ ಊರಿನ ಜನಸಂಖ್ಯೆಯ ಹೆಚ್ಚು ಪಾಲು ಓಡಿತು. "ಡಿಸೆಂಬರಿನಾಗ ಹೊಳಿ ಎಲ್ಲಿ ಬರ್ತದ್ರಿ!" ಎಂದು ನಾನು ಅಡ್ಡ ನಿಂತು ಕೂಗಿದೆ. "ಅಕ್ಟೋಬರಿನಾಗ ಬರಂಗಿಲ್ಲ ಅಂತನೂ ನಿನ್ನಂಥವರೇ ಹೇಳಿದ್ರು" ಎಂದು ಒಬ್ಬ ಯಜಮಾನರು ಎಮ್ಮೆ ಎಳೆದುಕೊಂಡು ಮುಂದೆ ಹೋದರು. ನಮ್ಮ ಹುಡುಗ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಂಚಬೇಕಿದ್ದ ಬಾಳೆಹಣ್ಣನ್ನು ಓಡುವವರಿಗೆಲ್ಲ ಒಂದೊಂದು ಕೊಡುತ್ತಿದ್ದ. ಅಂದು ಅಂದುಕೊಂಡಂತೆ ನಡೆದ ಕೆಲಸ ಅದೊಂದೇ.

ಓಟದ ನಂತರದ ವಾರ ಹೆಂಗಸರು ಬರಲು ಶುರುಮಾಡಿದರು. ನನ್ನ ಹತ್ತಿರ ಅಲ್ಲ, ಹಿತ್ತಲ ಬಾಗಿಲಿನಿಂದ ನಮ್ಮಾಕಿಯ ಹತ್ತಿರ. ಮೊದಲು ಬಂದಾಕೆ ಕೆಳಗಿನ ಓಣಿಯವಳು. ಸೆರಗಿನ ತುದಿ ತಿರುವುತ್ತ ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ದನಿ ಇಳಿಸಿ ಕೇಳಿದಳು: "ಅಕ್ಕಾ, ನಿಮ್ಮ ಯಜಮಾನರಿಗೆ ಇರೋದು ನಮ್ಮ ಹುಡುಗಿಗೂ ಅದ. ನಾವು ಯಾರಿಗೂ ಹೇಳಿಲ್ಲ. ಆದರ ನಿಮ್ಮವರು ಎಷ್ಟು ಸುಧಾರಿಸ್ಯಾರ! ಮಾತಾಡ್ತಾರ, ಒಬ್ಬರೇ ಬಸ್ಸು ಹತ್ತಿ ಹೋಗ್ತಾರ, ಲಗ್ನಾನೂ ಆಗ್ಯದ. ಎಲ್ಲಿ ತೋರಿಸಿದ್ರಿ?"

ಪಡಸಾಲೆಯಲ್ಲಿ ಕೂತಿದ್ದ ನನಗೆ ಇದು ಅಕ್ಷರಕ್ಷರ ಕೇಳಿಸಿತು. ನಮ್ಮಾಕಿ ತಿದ್ದುತ್ತಾಳೆ ಎಂದು ಕಾದೆ. ಆಕೆ ತಿದ್ದಲಿಲ್ಲ. "ಕುಂದ್ರವ್ವ" ಎಂದಳು, ಚಹಾ ಇಟ್ಟಳು, ಎಲ್ಲ ಹೇಳಿದಳು. ಪ್ರಮಾಣಪತ್ರ ಹೇಗೆ, ಪಿಂಚಣಿ ಎಷ್ಟು, ಶಾಲೆಯ ವಯಸ್ಸಿದ್ದರೆ ಭವಿತದ ಟೀಚರಮ್ಮನನ್ನು ಯಾವಾಗ ಕಾಣಬೇಕು, ಒಂದು ಲಕ್ಷದ ತನಕ ಆಸ್ಪತ್ರೆ ಖರ್ಚು ಕೊಡುವ ನಿರಾಮಯ ವಿಮೆಗೆ ಏನು ಕಾಗದ ಬೇಕು. ದೊಡ್ಡ ಡಾಕ್ಟರರಿಂದ ಪರೀಕ್ಷೆ ಮಾಡಿಸಬೇಕೆಂದರೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಕೇಂದ್ರ ಸರ್ಕಾರ 1984ರಲ್ಲಿ ತೆರೆದ ದೊಡ್ಡ ಸಂಸ್ಥೆ ಇದೆ, ಅಲ್ಲಿ ಇಂಥ ಮಕ್ಕಳಿಗೆ ಏನು ಹೇಗೆ ಕಲಿಸಬೇಕೆಂದು ತಾಯಂದಿರಿಗೂ ಹೇಳಿಕೊಡುತ್ತಾರೆ ಎಂದೂ ಹೇಳಿದಳು. ಇಷ್ಟೆಲ್ಲ ಆಕೆಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹುಡುಗನ ಕಾಗದಗಳಿಗೆ ಓಡಾಡಿದ್ದು ಆಕೆ ಮತ್ತು ಅತ್ತಿಗೆಯಂತೆ. ಆ ಹೊತ್ತಿನಲ್ಲಿ ನಾನು ಸೀರೆ ಮಾರಲು ಹೋಗಿರುತ್ತಿದ್ದೆ, ಕೊನೆಯ ಕಾಗದ ಮಾತ್ರ ಹಿಡಿದು ಗಂಭೀರವಾಗಿ ಬಂದಿದ್ದೆ.

ಆಮೇಲೆ ಇನ್ನೊಬ್ಬಾಕೆ ಬಂದಳು, ಮತ್ತೊಬ್ಬಾಕೆ ಬಂದಳು. ಇವರ ಮಕ್ಕಳನ್ನು ಅವರು ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ ಎಂದುಕೊಂಡಿದ್ದೆ. ಅವರೆಲ್ಲ ಸೇರಿ ಮಾಡಿದ್ದು ಬಹಳ ಸಣ್ಣ ಏರ್ಪಾಡು: ಒಂದು ಸೀರೆ ಮಗ್ಗದಿಂದ ಇಳಿದರೆ ಮನೆಗೆ ಇಪ್ಪತ್ತು ರೂಪಾಯಿ, ಒಂದು ಡಬ್ಬಿಗೆ. ಅದರಲ್ಲಿ ಯಾರಾದರೊಬ್ಬ ತಾಯಿ, ಒಂದು ಮಗು ಸಿಕಂದರಾಬಾದಿಗೆ ಹೋಗಿಬರುವ ಖರ್ಚು. ಪೋಸ್ಟರಿಲ್ಲ, ಓಟವಿಲ್ಲ. ನನ್ನ ಸೇವೆ ಏನಾದರೂ ಬೇಕೇ ಎಂದು ಕೇಳಿದೆ. ಪೋಸ್ಟರು ತೆಗೆಯಬೇಡಿ ಎಂದರು. ಡಬ್ಬಿ ನಮ್ಮ ಹುಡುಗನ ರಾಟಿಯ ಪಕ್ಕ ಇರುತ್ತದೆ. ಹಾಕುವವರಿಗೆ ಅವನು ಮುಚ್ಚಳ ತೆರೆಯುತ್ತಾನೆ. ನಾನು ಚಿಲ್ಲರೆಗೆ ಕೈ ಹಾಕಿದರೆ ಮುಚ್ಚುತ್ತಾನೆ.

ವರ್ಷದ ಕೊನೆಗೆ ನಮ್ಮಾಕಿ ನನ್ನ ಲೆಕ್ಕ ಬರೆದಳು. ಖರ್ಚಿನ ಕಡೆ ಪೋಸ್ಟರು, ಬಣ್ಣ, ತಬಲಾದ ಬಾಡಿಗೆ, ಚೆಂಡು, ಕಾಲುಚೀಲ, ಬಾಳೆಹಣ್ಣು, ಓಟದಲ್ಲಿ ಕಾಲು ಮುರಿದುಕೊಂಡ ಒಂದು ಕೋಳಿ. ಜಮೆಯ ಕಡೆ ಕರ್ನೂಲಿನ ಆ ಐನೂರು, ಅದರ ಮುಂದೆ: "ನಮ್ಮವರ ಔಷಧಕ್ಕೆ." ಅದನ್ನು ಹೆಂಗಸರ ಡಬ್ಬಿಗೆ ಹಾಕು ಎಂದೆ.

"ಕೊಟ್ಟವರು ಯಾತಕ್ಕ ಕೊಟ್ಟಾರ ಅದಕ್ಕೇ ಬಳಸಬೇಕ್ರಿ, ಪಟ್ಟಿ ದುಡ್ಡು" ಎಂದು ಆಕೆ ಕರ್ನೂಲಿಗೆ ಫೋನು ಹಚ್ಚಿದಳು. ಆ ಕಡೆಯಿಂದ ವ್ಯಾಪಾರಿಯ ದನಿ ನನಗೂ ಕೇಳಿಸಿತು. ಈಗ ಹೇಗಿದ್ದಾರೆ, ಗುಣ ಇದೆಯೇ ಎಂದು ವಿಚಾರಿಸಿದರು. "ಅದರಾಗ ಏನೂ ಫರಕಿಲ್ರಿ ಸಾವಕಾರ್ರ" ಎಂದಳು ಈಕೆ. ಹಾಗಾದರೆ ಅವರಿಗೆ ಆರಾಮಾಗುವಂಥದ್ದು ಏನಾದರೂ ತಂದುಕೊಡಿರಮ್ಮ, ನಿಮಗೆ ತಿಳಿದದ್ದು ಮಾಡಿ ಎಂದರು ಅವರು. ಮರುದಿನ ಸಂತೆಯಿಂದ ರೊಟ್ಟಿ ಬುಟ್ಟಿ ಬಂತು, ಎರಡು. ಒಂದು ಅಡುಗೆಮನೆಯ ಮೊಳೆಗೆ, ನನ್ನ ಕೈ ನಿಲುಕದಷ್ಟು ಎತ್ತರಕ್ಕೆ. ಇನ್ನೊಂದನ್ನು ಬೇವಿನ ಮರಕ್ಕೆ ಕಟ್ಟಿದರು, ತಳ ಇರುವುದನ್ನು, ಹುಡುಗ ಚೆಂಡು ಇಡಲು.